ಹಳೇ ಕಾರಿನ ಐಡ್ಲಿಂಗ್ ನಡುಕ, ಕಿತ್ತುಹೋದ ಒಳಭಾಗ: ಯಾವುದು ಮೊದಲು, ಯಾವುದು ಆಮೇಲೆ

ಹಳೇ ಪೆಟ್ರೋಲ್ ಕಾರು ಇಟ್ಟುಕೊಂಡಿರುವ ಸ್ನೇಹಿತರಿಂದ ನನಗೆ ಬರುವ ಫೋನ್ ಹೆಚ್ಚುಕಮ್ಮಿ ಒಂದೇ ಥರ. ಸಿಗ್ನಲ್‌ನಲ್ಲಿ ನಿಂತರೆ ಗಾಡಿ ಗಡಗಡ ನಡುಗುತ್ತದೆ, ಎಸಿ ಹಾಕಿದರೆ ಆಫ್ ಆಗುತ್ತದೆ, ಪ್ಲಗ್ ಬದಲಿಸಿದೆ, ಥ್ರಾಟಲ್ ಬಾಡಿ (ಎಂಜಿನ್‌ಗೆ ಹೋಗುವ ಗಾಳಿಯನ್ನು ಹೆಚ್ಚುಕಮ್ಮಿ ಮಾಡುವ ಭಾಗ) ಕ್ಲೀನ್ ಮಾಡಿಸಿದೆ, ಎರಡು ವಾರ ಚೆನ್ನಾಗಿತ್ತು, ಈಗ ಮತ್ತೆ ಅದೇ ಕಥೆ. ಜೊತೆಗೆ ಇನ್ನೊಂದು ದೂರು: ಡೋರ್ ಪ್ಯಾಡ್ ಹೊಸದಾಗಿ ಅಂಟಿಸಿದ್ದೆ, ಮಳೆಗಾಲ ಮುಗಿಯುವಷ್ಟರಲ್ಲಿ ಉಬ್ಬಿಕೊಂಡು ಎದ್ದು ಬಂತು.

ಬಹಳಷ್ಟು ಸಲ ಇಲ್ಲಿ ಕೈಕೊಡುವುದು ಕೆಲಸದ ಕ್ರಮ. ಎಂಜಿನ್ ನಡುಗುತ್ತಿರುವಾಗಲೇ ಒಳಗಿನ ಕೆಲಸ ಮುಗಿಸಿದರೆ ಹೊಸ ಕ್ಲಿಪ್‌ಗಳೂ ಸಡಿಲವಾಗುತ್ತವೆ, ಡ್ಯಾಶ್‌ಬೋರ್ಡ್ ಮತ್ತೆ ಕಟಕಟ ಅನ್ನುತ್ತದೆ. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಒಳಗಿನ ಕೆಲಸಕ್ಕೆ ಅಂತ ಬ್ಯಾಟರಿ ಬಿಚ್ಚಿದರೆ ಎಷ್ಟೋ ಗಾಡಿಗಳಲ್ಲಿ ಎಂಜಿನ್ ಕಂಪ್ಯೂಟರ್ ತಾನು ಕಲಿತಿಟ್ಟುಕೊಂಡ ಐಡಲ್ (ಆಕ್ಸಲರೇಟರ್ ಒತ್ತದಿದ್ದಾಗ ಎಂಜಿನ್ ತಿರುಗುವ ವೇಗ) ಲೆಕ್ಕ ಮರೆತುಬಿಡುತ್ತದೆ. ಆಗ ನಡುಕ ಜಾಸ್ತಿಯಾಗಿ, ರೋಗ ಯಾವುದು, ಬ್ಯಾಟರಿ ಬಿಚ್ಚಿದ ಪರಿಣಾಮ ಯಾವುದು ಅಂತ ಗೊತ್ತಾಗುವುದಿಲ್ಲ. ಆದ್ದರಿಂದ ಮೊದಲು ಎಂಜಿನ್, ಆಮೇಲೆ ನೀರು ಸೋರಿಕೆ, ಕೊನೆಗೆ ಒಳಭಾಗ.

ನಾನು ಇದನ್ನೆಲ್ಲ ಕಲಿತದ್ದು ನನ್ನ 2006ರ ಆಲ್ಟೋ ಮೇಲೆ. 796 ಸಿಸಿ, ಮೂರು ಸಿಲಿಂಡರ್, ಎಂಪಿಎಫ್‌ಐ (ಪ್ರತಿ ಸಿಲಿಂಡರ್‌ಗೂ ಒಂದೊಂದು ಇಂಜೆಕ್ಟರ್ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ). ಮಾರುತಿ 800, ಜೆನ್, ವ್ಯಾಗನ್ ಆರ್, ಸ್ಯಾಂಟ್ರೋ ಯಾವುದಿದ್ದರೂ ಕ್ರಮ ಇದೇ, ಅಳತೆಗಳು ಮಾತ್ರ ನಿಮ್ಮ ಗಾಡಿಯ ಮ್ಯಾನ್ಯುಯಲ್ ನೋಡಿ.

## ಬೇಕಾಗುವ ಸಾಮಾನು

ಎಂಜಿನ್‌ಗೆ: 10 ಮತ್ತು 12ರ ಸ್ಪ್ಯಾನರ್, ಉದ್ದ ಎಕ್ಸ್‌ಟೆನ್ಷನ್ ಇರುವ ಪ್ಲಗ್ ಸಾಕೆಟ್, ಫೀಲರ್ ಗೇಜ್ (ಸಣ್ಣ ಸಂದು ಅಳೆಯುವ ತೆಳು ಪಟ್ಟಿಗಳು), ಸಾದಾ ಮಲ್ಟಿಮೀಟರ್, ಥ್ರಾಟಲ್ ಬಾಡಿ ಕ್ಲೀನರ್ ಸ್ಪ್ರೇ, ಹಳೇ ಹಲ್ಲುಜ್ಜುವ ಬ್ರಷ್, ಬನಿಯನ್ ಬಟ್ಟೆ, ಒಂದು ಮೀಟರ್ ರಬ್ಬರ್ ಪೈಪ್, ಟಾರ್ಚ್.

ಒಳಭಾಗಕ್ಕೆ: ಸ್ಟಾರ್ ಸ್ಕ್ರೂಡ್ರೈವರ್, ಪ್ಲಾಸ್ಟಿಕ್ ಟ್ರಿಮ್ ರಿಮೂವರ್ ಸೆಟ್, ನಿಮ್ಮ ಗಾಡಿಯದ್ದೇ ಡೋರ್ ಕ್ಲಿಪ್‌ಗಳು ಒಂದಷ್ಟು, ಬಿಸಿ ತಡೆಯುವ ರಬ್ಬರ್ ಅಂಟು, ನೈಲಾನ್ ಬ್ರಷ್. ಕ್ಲಿಪ್‌ಗಳನ್ನು ಕೆಲಸ ಶುರು ಮಾಡುವ ಮೊದಲೇ ತಂದಿಡಿ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ, ಬೇರೆ ಊರಿನವರು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಒಂದು ಹಳೇ ಕ್ಲಿಪ್ ಹಿಡಿದುಕೊಂಡೇ ಹೋಗಿ. ಬಾಯಲ್ಲಿ ವಿವರಿಸಿದರೆ ಬೇರೆ ಸೈಜ್ ಕೊಡುತ್ತಾರೆ.

## ಹಂತ 1: ಏನನ್ನೂ ಬಿಚ್ಚದೆ ಹತ್ತು ನಿಮಿಷ ಕೇಳಿಸಿಕೊಳ್ಳಿ

ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಬಯಲಲ್ಲಿ ಸ್ಟಾರ್ಟ್ ಮಾಡಿ. ಮುಚ್ಚಿದ ಶೆಡ್ಡಿನಲ್ಲಿ ಖಂಡಿತ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಜೀವ ತೆಗೆಯುತ್ತದೆ.

ನಡುಕ ಯಾವಾಗ ಬರುತ್ತದೆ ಅಂತ ಚೀಟಿಯಲ್ಲಿ ಬರೆದುಕೊಳ್ಳಿ. ತಣ್ಣಗಿದ್ದಾಗ ಮಾತ್ರವೇ, ಬಿಸಿಯಾದ ಮೇಲೆಯೇ, ಎಸಿ ಹಾಕಿದಾಗ ಮಾತ್ರವೇ? ಆರ್‌ಪಿಎಂ ಮೇಲೆ ಕೆಳಗೆ ಓಲಾಡುತ್ತಿದ್ದರೆ ಗಾಳಿ ಸೋರಿಕೆ ಅಥವಾ ಐಡಲ್ ವಾಲ್ವ್ (ಐಡ್ಲಿಂಗ್‌ನಲ್ಲಿ ಬೇಕಾದಷ್ಟೇ ಗಾಳಿ ಬಿಡುವ ವಾಲ್ವ್) ಮೇಲೆ ಅನುಮಾನ. ತಾಳ ಹಾಕಿದ ಹಾಗೆ ಒಂದೇ ಲಯದಲ್ಲಿ ಎಡವುತ್ತಿದ್ದರೆ ಒಂದು ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ, ಮೆಕ್ಯಾನಿಕ್‌ಗಳು ಮಿಸ್ಸಿಂಗ್ ಅನ್ನುವುದು ಇದಕ್ಕೇ. ಎಂಜಿನ್ ಸದ್ದು ಸಮವಾಗಿದೆ, ಆದರೆ ಸೀಟು ಸ್ಟೀರಿಂಗ್ ನಡುಗುತ್ತಿದೆ, ಸ್ವಲ್ಪ ಆಕ್ಸಲರೇಟರ್ ಒತ್ತಿದರೆ ನಿಂತುಹೋಗುತ್ತದೆ ಅಂದರೆ ಎಂಜಿನ್ ಮೌಂಟ್ (ಎಂಜಿನ್ನನ್ನು ಬಾಡಿಗೆ ಹಿಡಿದಿಡುವ ರಬ್ಬರ್ ಆಸರೆ) ನೋಡಬೇಕು. ಮೂರು ಸಿಲಿಂಡರ್ ಎಂಜಿನ್ ಹೊಸದಿದ್ದಾಗಲೂ ಸ್ವಲ್ಪ ಅಲುಗುತ್ತದೆ, ಅದನ್ನು ಪೂರ್ತಿ ತೆಗೆಯಲು ಹೋಗಬೇಡಿ.

ಈಗ ಒಂದು ಕಾಗದದ ತುಂಡನ್ನು ಸೈಲೆನ್ಸರ್ ಬಾಯಿಯ ಹತ್ತಿರ ಹಿಡಿಯಿರಿ. ಅದು ಪಟಪಟ ಅಂತ ಸಮವಾಗಿ ಹೊರಕ್ಕೆ ಹಾರುತ್ತಿರಬೇಕು. ಆಗಾಗ ಎಡವುತ್ತಿದ್ದರೆ ಮಿಸ್ಸಿಂಗ್ ಇದೆ. ಎಡವುವ ಜೊತೆಗೆ ಕಾಗದ ಒಳಕ್ಕೆ ಎಳೆದುಕೊಂಡ ಹಾಗೆ ಆದರೆ ಎಕ್ಸಾಸ್ಟ್ ವಾಲ್ವ್ ಸುಟ್ಟಿರುವ ಸಾಧ್ಯತೆ ಇದೆ, 5ನೇ ಹಂತದ ಕಂಪ್ರೆಷನ್ ಟೆಸ್ಟನ್ನು (ಸಿಲಿಂಡರ್ ಒಳಗಿನ ಒತ್ತಡ ಅಳೆಯುವುದು) ಬಿಡಬೇಡಿ.

ಬಿಎಸ್4 (ಹೊಗೆ ಮಾಲಿನ್ಯದ ನಿಯಮ) ಗಾಡಿಗಳಿಗೆ ಓಬಿಡಿ (ಗಾಡಿಯೇ ತನ್ನ ದೋಷ ಗುರುತಿಸಿ ಕೋಡ್ ಇಟ್ಟುಕೊಳ್ಳುವ ವ್ಯವಸ್ಥೆ) ಕಡ್ಡಾಯವಾದದ್ದು 2010ರ ಏಪ್ರಿಲ್‌ನಿಂದ. ಅದಕ್ಕಿಂತ ಹಳೇ ಗಾಡಿಗಳ ಜೊತೆ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಹೆಚ್ಚಾಗಿ ಕೆಲಸ ಮಾಡುವುದಿಲ್ಲ. ಅದನ್ನೇ ನಂಬಿ ದುಡ್ಡು ಹಾಕಬೇಡಿ, ಕಿವಿ ಕಣ್ಣೇ ಸಾಕು.

ತಕ್ಷಣ ನಿಲ್ಲಿಸಬೇಕಾದ ಲಕ್ಷಣಗಳೂ ಇವೆ. ಬಾನೆಟ್ ತೆಗೆದಾಗ ಪೆಟ್ರೋಲ್ ವಾಸನೆ ಬಂದರೆ ಎಂಜಿನ್ ಆಫ್ ಮಾಡಿ ಪೈಪ್ ನೋಡಿಸಿ. ಎಂಜಿನ್ ಲೈಟ್ ಮಿಣುಕುತ್ತಿದ್ದರೆ ಓಡಿಸಬೇಡಿ, ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನೂ ಸುಡುತ್ತದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತಿದೆ, ಕೂಲೆಂಟ್ ಕಮ್ಮಿಯಾಗುತ್ತಿದೆ ಅಂದರೆ ಹೆಡ್ ಗ್ಯಾಸ್ಕೆಟ್ ಇರಬಹುದು, ಮನೆಯಲ್ಲಿ ಮುಂದುವರಿಸಬೇಡಿ.

## ಹಂತ 2: ಗಾಳಿ ಎಲ್ಲಿ ಕದ್ದು ಒಳಗೆ ಹೋಗುತ್ತಿದೆ ನೋಡಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ನನ್ನ ಗಾಡಿಯಲ್ಲಿ ಎರಡು ಸಲ ಪ್ಲಗ್ ಬದಲಿಸಿದ ಮೇಲೆ ಸಿಕ್ಕಿದ ಕಾರಣವೂ ಇದೇ. ಕಿರುಬೆರಳಿನಷ್ಟು ದಪ್ಪದ ಒಂದು ರಬ್ಬರ್ ಪೈಪ್ ಮೇಲಿನಿಂದ ನೋಡಿದರೆ ಹೊಸದರ ಹಾಗೇ ಇತ್ತು. ತಿರುಗಿಸಿ ಅಡಿಭಾಗ ನೋಡಿದಾಗ ಉದ್ದಕ್ಕೆ ಬಿರುಕು, ಅದರ ಸುತ್ತ ಎಣ್ಣೆ ಜಿಡ್ಡು.

ಮೊದಲು ಏರ್ ಫಿಲ್ಟರ್ ತೆಗೆದು ನೋಡಿ, ಕಪ್ಪಗಿದ್ದರೆ ಬದಲಿಸಿ. ಆಮೇಲೆ ಫಿಲ್ಟರ್ ಡಬ್ಬದಿಂದ ಥ್ರಾಟಲ್ ಬಾಡಿವರೆಗಿನ ದಪ್ಪ ಪೈಪಿನ ಮಡಿಕೆಗಳನ್ನು ಬೆರಳಿಂದ ಬಿಡಿಸಿ ನೋಡಿ. ನಂತರ ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ (ಥ್ರಾಟಲ್ ಬಾಡಿಯಿಂದ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಸೇರುವ ಪ್ರತಿ ಸಣ್ಣ ಪೈಪನ್ನೂ ಬುಡದಿಂದ ತುದಿವರೆಗೆ ಕೈಯಲ್ಲಿ ಸವರಿ. ಮುಖ್ಯವಾದವು ಎರಡು: ಟ್ಯಾಪೆಟ್ ಕವರ್‌ನಿಂದ (ಎಂಜಿನ್ ಮೇಲಿನ ಮುಚ್ಚಳ) ಬರುವ ಪಿಸಿವಿ ಪೈಪ್ (ಎಂಜಿನ್ ಒಳಗಿನ ಆವಿಯನ್ನು ಇನ್‌ಟೇಕ್‌ಗೆ ಒಯ್ಯುವುದು), ಬ್ರೇಕ್ ಬೂಸ್ಟರ್‌ಗೆ (ಬ್ರೇಕ್ ಪೆಡಲ್ ಹಗುರ ಮಾಡುವ ಭಾಗ) ಹೋಗುವ ಪೈಪ್. ಬ್ರೇಕ್ ಒತ್ತಿ ಹಿಡಿದಾಗ ಎಂಜಿನ್ ಸದ್ದು ಬದಲಾಗಿ ಹಾಗೇ ಉಳಿದರೆ, ಅಥವಾ ಪೆಡಲ್ ಗಟ್ಟಿಯಾಗಿದ್ದರೆ, ಬೂಸ್ಟರ್ ಕಡೆ ಸೋರಿಕೆ ಇದೆ. ಇದು ಬ್ರೇಕಿನ ವಿಷಯ, ಒಂದು ದಿನವೂ ತಳ್ಳಬೇಡಿ.

ಎಂಜಿನ್ ಆನ್ ಇರುವಾಗ ರಬ್ಬರ್ ಪೈಪಿನ ಒಂದು ತುದಿ ಕಿವಿಗೆ ಹಿಡಿದು, ಇನ್ನೊಂದು ತುದಿಯನ್ನು ಮ್ಯಾನಿಫೋಲ್ಡ್ ಸುತ್ತ ನಿಧಾನವಾಗಿ ಆಡಿಸಿ. ಸೋರುವ ಜಾಗದಲ್ಲಿ ಸುಯ್ ಅಂತ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಫ್ಯಾನ್, ಬೆಲ್ಟ್‌ಗಳಿಂದ ಕೈ ಮತ್ತು ಪೈಪ್ ದೂರ ಇರಲಿ, ಫ್ಯಾನ್ ಯಾವಾಗ ಬೇಕಾದರೂ ತಿರುಗಬಹುದು. ಕ್ಲೀನರ್ ಸ್ಪ್ರೇ ಹೊಡೆದು ಸೋರಿಕೆ ಹುಡುಕುವವರಿದ್ದಾರೆ, ಬಿಸಿ ಎಂಜಿನ್ ಮೇಲೆ ಅದು ಬೆಂಕಿಗೆ ಆಹ್ವಾನ. ಹೂವಿನ ಗಿಡಕ್ಕೆ ನೀರು ಹೊಡೆಯುವ ಸ್ಪ್ರೇ ಬಾಟಲಿ ಸಾಕು. ಅನುಮಾನದ ಜಾಗಕ್ಕೆ ಒಂದೆರಡು ಸಲ ನೀರು ಸಿಂಪಡಿಸಿ, ಸದ್ದು ಬದಲಾದರೆ ಅಲ್ಲೇ ಸೋರಿಕೆ. ಪ್ಲಗ್ ವೈರ್ ಮತ್ತು ಕನೆಕ್ಟರ್‌ಗಳ ಮೇಲೆ ಮಾತ್ರ ನೀರು ಬೇಡ.

ಬಿರುಕು ಬಿಟ್ಟ ಪೈಪಿಗೆ ಟೇಪ್ ಸುತ್ತಬೇಡಿ. ಎಂಜಿನ್ ಬಿಸಿಗೆ ಟೇಪ್ ಬಿಟ್ಟುಹೋಗುತ್ತದೆ, ಆ ಎರಡು ವಾರ ಚೆನ್ನಾಗಿತ್ತು ಅನ್ನುವ ಕಥೆ ಎಷ್ಟೋ ಸಲ ಇಲ್ಲೇ ಹುಟ್ಟುವುದು. ಪೈಪ್ ಬದಲಿಸುವಾಗ ಪೆಟ್ರೋಲ್ ಪೈಪ್‌ಗಳನ್ನೂ ಒಮ್ಮೆ ನೋಡಿ. ಈಗ ಬಂಕುಗಳಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್, ಹಳೇ ರಬ್ಬರ್ ಅದಕ್ಕೆ ಅಂತ ಮಾಡಿದ್ದಲ್ಲ. ಉಬ್ಬಿದ್ದರೆ, ಮೆತ್ತಗಾಗಿದ್ದರೆ, ಒಡೆದಿದ್ದರೆ ಫ್ಯೂಯಲ್ ಇಂಜೆಕ್ಷನ್‌ಗೆ ಅಂತಲೇ ಬರುವ ಪೈಪ್ ಹಾಕಿಸಿ. ಇಂಜೆಕ್ಷನ್ ಗಾಡಿಯ ಪೆಟ್ರೋಲ್ ಲೈನಿನಲ್ಲಿ ಒತ್ತಡ ಜಾಸ್ತಿ, ಇದನ್ನು ಮಾತ್ರ ಗ್ಯಾರೇಜಿನಲ್ಲೇ ಮಾಡಿಸಿ.

## ಹಂತ 3: ಕಿಡಿ

ಒಂದು ಸಿಲಿಂಡರ್ ಮಿಸ್ ಆಗುತ್ತಿದ್ದರೆ ಯಾವುದು ಅಂತ ಮೊದಲು ಹಿಡಿಯಿರಿ. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಒಂದೊಂದೇ ಇಂಜೆಕ್ಟರ್ ಕನೆಕ್ಟರ್ ತೆಗೆದು, ಸದ್ದು ಕೇಳಿ, ವಾಪಸ್ ಹಾಕಿ. ಚೆನ್ನಾಗಿರುವ ಸಿಲಿಂಡರ್‌ದು ತೆಗೆದರೆ ಎಂಜಿನ್ ತಕ್ಷಣ ಕುಸಿಯುತ್ತದೆ. ತೆಗೆದರೂ ಏನೂ ಬದಲಾಗದಿದ್ದರೆ ಅದೇ ಕೆಟ್ಟಿರುವುದು. ಪ್ಲಗ್ ವೈರ್ ಎಳೆದು ನೋಡುವ ಹಳೇ ಪದ್ಧತಿ ಬೇಡ, ಶಾಕ್ ಹೊಡೆಯುತ್ತದೆ.

ಪ್ಲಗ್ ಬಿಚ್ಚುವುದು ಎಂಜಿನ್ ಪೂರ್ತಿ ತಣ್ಣಗಾದ ಮೇಲೆ. ಹೆಡ್ ಅಲ್ಯೂಮಿನಿಯಂದು, ಬಿಸಿಯಲ್ಲಿ ಬಿಚ್ಚಿದರೆ ಥ್ರೆಡ್ ಕಿತ್ತು ಬರಬಹುದು. ಮೊದಲು ಪ್ಲಗ್ ಸುತ್ತಲಿನ ಧೂಳನ್ನು ಊದಿ ತೆಗೆಯಿರಿ. ಪ್ಲಗ್‌ಗಳನ್ನು ಬಿಚ್ಚಿದ ಸಾಲಿನಲ್ಲೇ ಪೇಪರ್ ಮೇಲೆ ಜೋಡಿಸಿ, ಯಾವ ಸಿಲಿಂಡರ್‌ದು ಅಂತ ಬರೆಯಿರಿ. ತುದಿ ತಿಳಿ ಕಂದು, ಬಿಸ್ಕತ್ತಿನ ಬಣ್ಣ ಇದ್ದರೆ ಚೆನ್ನಾಗಿದೆ. ಒಣ ಕಪ್ಪು ಮಸಿ ಅಂದರೆ ಪೆಟ್ರೋಲ್ ಜಾಸ್ತಿ ಅಥವಾ ಕಿಡಿ ದುರ್ಬಲ. ಎಣ್ಣೆಯ ಜಿಡ್ಡಿದ್ದರೆ ಎಂಜಿನ್ ಆಯಿಲ್ ಒಳಗೆ ಹೋಗುತ್ತಿದೆ. ಬಿಳಿಚಿಕೊಂಡು ಗುಳ್ಳೆ ಎದ್ದಿದ್ದರೆ ಆ ಸಿಲಿಂಡರ್ ಸಿಕ್ಕಾಪಟ್ಟೆ ಬಿಸಿಯಾಗುತ್ತಿದೆ, ಪೆಟ್ರೋಲ್ ಕಮ್ಮಿ ಅಥವಾ ಗಾಳಿ ಸೋರಿಕೆ.

ಹೊಸ ಪ್ಲಗ್‌ನ ಗ್ಯಾಪ್ (ತುದಿಯಲ್ಲಿ ಕಿಡಿ ಹಾರುವ ಸಂದು) ಫೀಲರ್ ಗೇಜಿನಿಂದ ಅಳೆದೇ ಹಾಕಿ. ಎನ್‌ಜಿಕೆ ಪ್ಲಗ್ ನಂಬರಿನ ಕೊನೆಯಲ್ಲಿ 11 ಅಂತಿದ್ದರೆ ಗ್ಯಾಪ್ 1.1 ಮಿ.ಮೀ. ಅಂತ ಅರ್ಥ. ಡಬ್ಬದಲ್ಲಿ ಬಿದ್ದು ಎದ್ದು ಬರುವಾಗ ಅದು ಬದಲಾಗಿರಬಹುದು. ಪ್ಲಗ್ ಹಿಂಭಾಗಕ್ಕೆ ರಬ್ಬರ್ ಪೈಪಿನ ತುಂಡು ಸಿಕ್ಕಿಸಿ, ಅದನ್ನೇ ಹಿಡಿದು ತಿರುಗಿಸಿ ಕೂರಿಸಿ. ಥ್ರೆಡ್ ಅಡ್ಡ ಹಿಡಿದರೆ ಪೈಪ್ ಜಾರುತ್ತದೆ, ಥ್ರೆಡ್ ಉಳಿಯುತ್ತದೆ. ಕೈಯಲ್ಲಿ ಪೂರ್ತಿ ಕೂತ ಮೇಲೆ ಸಾಕೆಟ್ ಹಾಕಿ. ವಾಷರ್ ಇರುವ ಹೊಸ ಪ್ಲಗ್‌ಗೆ ಅರ್ಧ ಸುತ್ತು, ಹೆಚ್ಚೆಂದರೆ ಮುಕ್ಕಾಲಿಗೂ ಕಮ್ಮಿ.

ಪ್ಲಗ್ ವೈರ್‌ಗಳನ್ನು ಮಲ್ಟಿಮೀಟರಿನ ಕಿಲೋ ಓಮ್‌ನಲ್ಲಿ ಇಟ್ಟು ಅಳೆಯಿರಿ. ಉದ್ದಕ್ಕೆ ತಕ್ಕ ಹಾಗೆ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ. ಒಂದು ಮಾತ್ರ ಬೇರೆಯೇ ಲೆಕ್ಕ ತೋರಿಸಿದರೆ, ಅಥವಾ ಏನೂ ತೋರಿಸದಿದ್ದರೆ, ಸೆಟ್ ಬದಲಿಸಿ. ರಾತ್ರಿ ಕತ್ತಲಲ್ಲಿ ಬಾನೆಟ್ ತೆಗೆದು ಎಂಜಿನ್ ಆನ್ ಮಾಡಿ ನೋಡಿದರೆ ಸೋರುವ ವೈರಿನಿಂದ ನೀಲಿ ಕಿಡಿ ಹಾರುವುದು ಕಣ್ಣಿಗೇ ಕಾಣುತ್ತದೆ. ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ) ಇರುವ ಗಾಡಿಯಾದರೆ ಅದರ ಕ್ಯಾಪ್ ಒಳಗೆ ಬಿರುಕು, ಹಸಿರು ಕಿಲುಬು ಇದೆಯಾ ನೋಡಿ. ಬ್ಯಾಟರಿಯ ಅರ್ಥಿಂಗ್ ವೈರ್ ಬಾಡಿಗೂ ಗೇರ್‌ಬಾಕ್ಸಿಗೂ ಸೇರುವ ಕಡೆ ಬಿಚ್ಚಿ ಉಜ್ಜಿ ಬಿಗಿ ಮಾಡಿ.

ಎಲ್‌ಪಿಜಿ ಅಥವಾ ಸಿಎನ್‌ಜಿ ಕಿಟ್ ಇದ್ದರೆ ಒಂದು ಸುಲಭದ ಪರೀಕ್ಷೆ ಇದೆ. ಪೆಟ್ರೋಲ್‌ನಲ್ಲಿ ಸರಿ ಇದ್ದು ಗ್ಯಾಸ್‌ನಲ್ಲಿ ಮಾತ್ರ ನಡುಗಿದರೆ ಕಿಟ್ ಟ್ಯೂನ್ ಮಾಡಿಸಿ. ಎರಡರಲ್ಲೂ ನಡುಗಿದರೆ ತೊಂದರೆ ಹೆಚ್ಚಾಗಿ ಎಂಜಿನ್‌ದೇ.

## ಹಂತ 4: ಥ್ರಾಟಲ್ ಬಾಡಿ, ಐಡಲ್ ವಾಲ್ವ್

ಎಲ್ಲರೂ ಮೊದಲು ಮಾಡುವ ಕೆಲಸವನ್ನು ನಾನು ನಾಲ್ಕನೆಯದಾಗಿ ಇಟ್ಟಿದ್ದೇನೆ. ಸೋರಿಕೆ ಇರುವಾಗ ಇದನ್ನು ಕ್ಲೀನ್ ಮಾಡಿದರೆ ಐಡಲ್ ಇನ್ನೂ ಮೇಲೇರುತ್ತದೆ, ಆಗ ಯಾರಾದರೂ ಸ್ಕ್ರೂ ತಿರುಗಿಸಿ ಇಳಿಸುತ್ತಾರೆ, ಅಲ್ಲಿಂದ ಗಾಡಿ ದಾರಿಗೇ ಬರುವುದಿಲ್ಲ.

ಎಂಜಿನ್ ತಣ್ಣಗಿರಲಿ, ಆಫ್ ಇರಲಿ. ದಪ್ಪ ಪೈಪ್ ತೆಗೆದರೆ ಒಳಗೆ ಹಿತ್ತಾಳೆ ಬಣ್ಣದ ತಟ್ಟೆ ಕಾಣುತ್ತದೆ, ಅದರ ಅಂಚಿನ ಸುತ್ತ ಕಪ್ಪು ಅಂಟು ಇರುತ್ತದೆ. ಸ್ಪ್ರೇಯನ್ನು ಬಟ್ಟೆಗೆ ಹೊಡೆದು ಒರೆಸಿ, ಮೂಲೆಗೆ ಬ್ರಷ್ ಬಳಸಿ. ನೇರವಾಗಿ ಒಳಕ್ಕೆ ಸುರಿಯಬೇಡಿ, ಸೆನ್ಸರ್‌ಗೆ ಒಳ್ಳೆಯದಲ್ಲ. ಕೇಬಲ್ ಇರುವ ಹಳೇ ಗಾಡಿಯಲ್ಲಿ ಕೇಬಲ್ ಎಳೆದು ತಟ್ಟೆ ತೆರೆಯಬಹುದು. ಎಲೆಕ್ಟ್ರಾನಿಕ್ ಥ್ರಾಟಲ್ ಇದ್ದರೆ ಬೆರಳಿಂದ ತಳ್ಳಬೇಡಿ, ಒಳಗಿನ ಗೇರ್ ಕೆಡುತ್ತದೆ. ಐಡಲ್ ವಾಲ್ವ್ ಬಿಚ್ಚಿದರೆ ಅದರ ಮೂತಿಯನ್ನು ಒತ್ತಬೇಡಿ, ಎಳೆಯಬೇಡಿ, ಮಸಿ ಮಾತ್ರ ಒರೆಸಿ. ಬಣ್ಣ ಹಚ್ಚಿ ಸೀಲ್ ಮಾಡಿದ ಥ್ರಾಟಲ್ ಸ್ಟಾಪ್ ಸ್ಕ್ರೂ ಕಂಡರೆ ಮುಟ್ಟಲೇಬೇಡಿ.

ಎಲ್ಲ ಜೋಡಿಸಿ, ಬ್ಯಾಟರಿಯ ನೆಗೆಟಿವ್ ಕಾಲು ಗಂಟೆ ತೆಗೆದಿಟ್ಟು ಹಾಕಿ. ಮ್ಯೂಸಿಕ್ ಸಿಸ್ಟಮ್‌ಗೆ ಕೋಡ್ ಇದ್ದರೆ ಮೊದಲೇ ಹುಡುಕಿಟ್ಟುಕೊಳ್ಳಿ. ಎಸಿ, ಲೈಟ್ ಏನೂ ಹಾಕದೆ, ಆಕ್ಸಲರೇಟರ್ ಮುಟ್ಟದೆ ಸ್ಟಾರ್ಟ್ ಮಾಡಿ, ರೇಡಿಯೇಟರ್ ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಬಿಡಿ. ಆಮೇಲೆ ಎಸಿ ಹಾಕಿ ಐದು ನಿಮಿಷ. ಮ್ಯಾನ್ಯುಯಲ್‌ನಲ್ಲಿ ಬೇರೆ ವಿಧಾನ ಹೇಳಿದ್ದರೆ ಅದನ್ನೇ ಮಾಡಿ. ಬಿಸಿಯಾದ ಮೇಲೆ ಇಂಥ ಸಣ್ಣ ಗಾಡಿಗಳು ಸಾಮಾನ್ಯವಾಗಿ 750ರಿಂದ 950 ಆರ್‌ಪಿಎಂ ಒಳಗೆ ನಿಲ್ಲುತ್ತವೆ. ಎಸಿ ಹಾಕಿದಾಗ ಒಂದು ಕ್ಷಣ ತಗ್ಗಿ ಮತ್ತೆ ಮೇಲೇಳಬೇಕು.

## ಹಂತ 5: ಇನ್ನೂ ನಡುಗಿದರೆ

ಎಂಜಿನ್ ಮೌಂಟ್ ರಬ್ಬರ್ ಹರಿದಿದೆಯಾ ಟಾರ್ಚ್ ಬಿಟ್ಟು ನೋಡಿ. ಲೋಹದ ಎರಡು ಭಾಗ ಒಂದಕ್ಕೊಂದು ತಾಗಿ ಉಜ್ಜಿದ ಗುರುತಿದ್ದರೆ ಬದಲಿಸಬೇಕು. ಒಂದು ಹೋಗಿದ್ದರೆ ಉಳಿದವೂ ಹೆಚ್ಚಾಗಿ ಸೋತಿರುತ್ತವೆ.

ಮಿಸ್ಸಿಂಗ್ ಉಳಿದಿದ್ದರೆ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಎಲ್ಲ ಪ್ಲಗ್ ತೆಗೆದು, ಆಕ್ಸಲರೇಟರ್ ಪೂರ್ತಿ ಒತ್ತಿ, ಒಂದೊಂದು ಸಿಲಿಂಡರನ್ನೂ ಅಳೆಯುತ್ತಾರೆ. ಅತಿ ಕಮ್ಮಿ ಇರುವುದು ಅತಿ ಜಾಸ್ತಿ ಇರುವುದರ ಮುಕ್ಕಾಲಿಗಿಂತ ಕೆಳಗಿದ್ದರೆ ತೊಂದರೆ ಇದೆ. ಆ ಸಿಲಿಂಡರ್‌ಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆದಾಗ ಏರಿದರೆ ಪಿಸ್ಟನ್ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಹೆಡ್ ಬಿಚ್ಚಿಸುವ ಮೊದಲು ಟ್ಯಾಪೆಟ್ ಕ್ಲಿಯರೆನ್ಸ್ (ವಾಲ್ವ್‌ಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು) ನೋಡಿಸಲು ಹೇಳಿ. ಟ್ಯಾಪೆಟ್ ಬಿಗಿಯಾಗಿ ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್ ಬಿದ್ದಿರುವುದೂ ಉಂಟು.

## ಹಂತ 6: ಒಳಗೆ ಕೈ ಹಾಕುವ ಮೊದಲು ನೀರು ನಿಲ್ಲಿಸಿ

ಕಾಲಡಿಯ ಕಾರ್ಪೆಟ್ ಎತ್ತಿ ನಾಲ್ಕೂ ಕಡೆ ನ್ಯೂಸ್‌ಪೇಪರ್ ಹಾಸಿ. ಮಳೆ ಬಂದ ರಾತ್ರಿ ಅಥವಾ ಪೈಪಿನಲ್ಲಿ ಗಾಡಿ ತೊಳೆದ ಮೇಲೆ ಯಾವ ಪೇಪರ್ ಒದ್ದೆಯಾಗಿದೆ ನೋಡಿ. ಮಳೆ ಇಲ್ಲದೆ ಎಸಿ ಹಾಕಿದಾಗ ಮಾತ್ರ ಎಡಗಡೆ ಒದ್ದೆಯಾದರೆ ಎಸಿ ಡ್ರೈನ್ ಪೈಪ್ ಕಟ್ಟಿರುತ್ತದೆ. ಬಾಗಿಲ ಪಕ್ಕ ಒದ್ದೆ ಅಂದರೆ ಬೀಡಿಂಗ್ (ಬಾಗಿಲ ಸುತ್ತಲಿನ ರಬ್ಬರ್ ಪಟ್ಟಿ) ಅಥವಾ ಬಾಗಿಲ ಒಳಗಿನ ಪ್ಲಾಸ್ಟಿಕ್ ಹಾಳೆ. ಬಾಗಿಲ ಅಡಿಯ ಅಂಚಿನಲ್ಲಿರುವ ಸಣ್ಣ ತೂತುಗಳನ್ನು ಕಡ್ಡಿಯಿಂದ ಬಿಡಿಸಿ, ಒಳಗೆ ಬಂದ ಮಳೆನೀರು ಹೊರಗೆ ಹೋಗುವುದೇ ಅಲ್ಲಿಂದ. ಕಾರ್ಪೆಟ್ ಅಡಿಯ ದಪ್ಪ ಪದರ ಪೂರ್ತಿ ಒಣಗುವವರೆಗೆ ಮುಂದೆ ಹೋಗಬೇಡಿ. ಕರಾವಳಿ, ಮಲೆನಾಡಿನವರಿಗೆ ಇದಕ್ಕೇ ಎರಡು ಮೂರು ದಿನ ಬೇಕಾಗುತ್ತದೆ.

## ಹಂತ 7: ಡೋರ್ ಪ್ಯಾಡ್

ಪವರ್ ವಿಂಡೋ ಇದ್ದರೆ ಬ್ಯಾಟರಿ ನೆಗೆಟಿವ್ ತೆಗೆಯಿರಿ. ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಹಳದಿ ಕನೆಕ್ಟರ್‌ಗಳನ್ನು ಮುಟ್ಟಬೇಡಿ.

ಗ್ಲಾಸ್ ಹ್ಯಾಂಡಲ್ ಮೊದಲು. ಅದರ ಹಿಂದೆ ಒಂದು ಸಣ್ಣ ಸ್ಪ್ರಿಂಗ್ ಕ್ಲಿಪ್ ಅವಿತಿರುತ್ತದೆ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಬನಿಯನ್ ಬಟ್ಟೆಯ ಪಟ್ಟಿಯನ್ನು ಹ್ಯಾಂಡಲ್ ಹಿಂದೆ ತೂರಿಸಿ, ಶೂ ಪಾಲಿಶ್ ಮಾಡುವ ಹಾಗೆ ಆ ಕಡೆ ಈ ಕಡೆ ಎಳೆಯಿರಿ. ಬಟ್ಟೆಯ ನೂಲು ಕ್ಲಿಪ್‌ಗೆ ಸಿಕ್ಕಿ ಟಕ್ ಅಂತ ಹೊರಗೆ ಹಾರುತ್ತದೆ, ಇನ್ನೊಂದು ಕೈ ಅಡ್ಡ ಹಿಡಿದಿರಿ, ಇಲ್ಲದಿದ್ದರೆ ಹುಡುಕುತ್ತಾ ಕೂರಬೇಕು. ಆಮೇಲೆ ಆರ್ಮ್‌ರೆಸ್ಟ್ ಸ್ಕ್ರೂ, ಲಾಕ್ ಸುತ್ತಲಿನ ಪ್ಲಾಸ್ಟಿಕ್. ಕೊನೆಗೆ ಅಡಿಯಿಂದ ಶುರು ಮಾಡಿ ಒಂದೊಂದೇ ಕ್ಲಿಪ್ ಬುಡಕ್ಕೆ ಪ್ಲಾಸ್ಟಿಕ್ ರಿಮೂವರ್ ಹಾಕಿ ಬಿಡಿಸಿ, ಪ್ಯಾಡನ್ನು ಮೇಲಕ್ಕೆ ಎತ್ತಿ ತೆಗೆಯಿರಿ. ಅಂಚು ಹಿಡಿದು ಒಮ್ಮೆಗೇ ಎಳೆದರೆ ಕ್ಲಿಪ್ ಬಾಗಿಲಲ್ಲೇ ಉಳಿದು ಬೋರ್ಡ್ ಹರಿಯುತ್ತದೆ.

ಈಗ ಕಾಣುವ ಪ್ಲಾಸ್ಟಿಕ್ ಹಾಳೆ ಇದೆಯಲ್ಲ, ಇಡೀ ಕೆಲಸ ನಿಂತಿರುವುದು ಅದರ ಮೇಲೆ. ಗ್ಲಾಸ್ ಪಕ್ಕದಿಂದ ಇಳಿಯುವ ಮಳೆನೀರು ಪ್ಯಾಡಿಗೆ ತಾಗದಂತೆ ತಡೆಯುವುದು ಅದೊಂದೇ. ಸ್ಪೀಕರ್ ಹಾಕುವವರು, ಗ್ಲಾಸ್ ರಿಪೇರಿ ಮಾಡುವವರು ಅದನ್ನು ಹರಿದು ಬಿಸಾಕಿರುತ್ತಾರೆ. ಆಮೇಲೆ ಬೋರ್ಡ್ ನೀರು ಕುಡಿದು ಉಬ್ಬುತ್ತದೆ, ಎಂಥ ಅಂಟು ಹಾಕಿದರೂ ನಿಲ್ಲುವುದಿಲ್ಲ. ಹರಿದಿದ್ದರೆ ದಪ್ಪ ಪಾಲಿಥೀನ್ ಶೀಟ್ ಕತ್ತರಿಸಿ, ಬ್ಯುಟೈಲ್ ಟೇಪ್‌ನಿಂದ ಸುತ್ತಲೂ ಅಂಟಿಸಿ, ಅಡಿಯ ಅಂಚನ್ನು ಬಾಗಿಲ ಒಳಕ್ಕೆ ತೂರಿಸಿ.

ಬೋರ್ಡ್ ಸ್ವಲ್ಪ ಬಾಗಿದ್ದರೆ ಒಣಗಿಸಿ, ಸಮತಟ್ಟು ಜಾಗದಲ್ಲಿ ತೂಕ ಇಟ್ಟು ಎರಡು ದಿನ ಬಿಡಿ. ಪುಡಿಯಾಗಿದ್ದರೆ ಅದನ್ನೇ ಅಚ್ಚು ಮಾಡಿಕೊಂಡು ಹೊಸ ಹಾರ್ಡ್‌ಬೋರ್ಡ್ ಕತ್ತರಿಸಿಕೊಡಲು ಕುಶನ್ ಅಂಗಡಿಯವರಿಗೆ ಹೇಳಿ. ರೆಕ್ಸಿನ್ ಅಂಟಿಸುವಾಗ ಎರಡೂ ಕಡೆ ತೆಳುವಾಗಿ ಅಂಟು ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಕೂರಿಸಿ. ಹಸಿಯಾಗಿರುವಾಗಲೇ ಒತ್ತುವುದು ಎಲ್ಲರೂ ಮಾಡುವ ತಪ್ಪು. ಅಂಟಿನ ಕೆಲಸ ಗಾಡಿ ಒಳಗೆ ಕೂತು ಮಾಡಬೇಡಿ, ತಲೆ ಸುತ್ತುತ್ತದೆ.

## ಹಂತ 8: ಮುರಿದ ಪ್ಲಾಸ್ಟಿಕ್

ಅಂಟು ತರುವ ಮೊದಲು ಭಾಗದ ಹಿಂಬದಿ ನೋಡಿ. ಅಲ್ಲಿ ಎಬಿಎಸ್ ಅಥವಾ ಪಿಪಿ ಅಂತ ಅಚ್ಚಾಗಿರುತ್ತದೆ, ಇವು ಪ್ಲಾಸ್ಟಿಕ್‌ನ ಎರಡು ಜಾತಿ. ಎಬಿಎಸ್‌ಗೆ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ. ಎರಡೂ ಕಡೆ ಮರಳು ಕಾಗದದಲ್ಲಿ ಉಜ್ಜಿ, ಹಿಂಬದಿಗೆ ತೆಳು ಜಾಲರಿ ತುಂಡು ಇಟ್ಟು ಹಚ್ಚಿ. ಪಿಪಿಗೆ ಸಾಮಾನ್ಯ ಅಂಟು ಯಾವುದೂ ನಿಲ್ಲುವುದಿಲ್ಲ, ಸಾಲ್ಡರಿಂಗ್ ಐರನ್‌ನಿಂದ ಸಣ್ಣ ತಂತಿ ಹುಗಿದು ಹೊಲಿಗೆ ಹಾಕಿದ ಹಾಗೆ ಸೇರಿಸಬೇಕು. ಹೊಗೆ ಕುಡಿಯಬೇಡಿ, ಬಯಲಲ್ಲಿ ಮಾಡಿ.

ಡ್ಯಾಶ್‌ಬೋರ್ಡ್‌ಗೆ ಹೊಳಪು ಬರಿಸುವ ಸಿಲಿಕೋನ್ ಸ್ಪ್ರೇ ಎಲ್ಲ ಮುಗಿಯುವವರೆಗೆ ಬೇಡ. ಅದು ತಾಗಿದ ಜಾಗದಲ್ಲಿ ಮುಂದೆ ಅಂಟು ಕೂರುವುದಿಲ್ಲ. ಸ್ಟೀರಿಂಗ್, ಪೆಡಲ್‌ಗೆ ಯಾವತ್ತೂ ಬೇಡ, ಜಾರುತ್ತದೆ.

## ಹಂತ 9: ಜೋತುಬಿದ್ದ ರೂಫ್ ಲೈನಿಂಗ್

ಬಟ್ಟೆಯ ಹಿಂದಿನ ಸ್ಪಂಜು ಬಿಸಿಲಿಗೆ ಪುಡಿಯಾಗುವುದೇ ಕಾರಣ. ಬಟ್ಟೆಯ ಮೇಲಿಂದ ಸಿರಿಂಜಿನಲ್ಲಿ ಅಂಟು ಬಿಡುವುದು ದಂಡ. ಆ ಅಂಟು ಹಿಡಿಯುವುದು ಪುಡಿಯನ್ನು, ಪುಡಿ ಮತ್ತೆ ಉದುರುತ್ತದೆ.

ಸನ್‌ವೈಸರ್, ರೂಫ್ ಲೈಟ್, ಹಿಡಿಕೆ, ಪಿಲ್ಲರ್ ಕವರ್ ಈ ಕ್ರಮದಲ್ಲಿ ತೆಗೆದು, ಬೀಡಿಂಗ್ ಅಂಚು ಬಿಡಿಸಿ, ಸೀಟು ಹಿಂದಕ್ಕೆ ಮಲಗಿಸಿ ಬೋರ್ಡನ್ನು ಇಬ್ಬರು ಸೇರಿ ಹೊರಗೆ ತನ್ನಿ. ಒಬ್ಬರೇ ಮಾಡಿದರೆ ನಡುವೆ ಮುರಿಯುತ್ತದೆ. ಹಳೇ ಬಟ್ಟೆ ಸುಲಿದು, ಮಾಸ್ಕ್ ಹಾಕಿಕೊಂಡು ನೈಲಾನ್ ಬ್ರಷ್‌ನಿಂದ ಸ್ಪಂಜಿನ ಪುಡಿ ಒಂದು ಚೂರೂ ಉಳಿಯದಂತೆ ಉಜ್ಜಿ. ಅಂಗೈ ಸವರಿದಾಗ ಏನೂ ಅಂಟಬಾರದು. ಒಟ್ಟು ಸಮಯದ ಅರ್ಧ ಇದಕ್ಕೇ ಹೋಗುತ್ತದೆ, ಹೋಗಲಿ.

ಸ್ಪಂಜು ಅಂಟಿಸಿರುವ ರೂಫ್ ಬಟ್ಟೆಯನ್ನೇ ತನ್ನಿ, ಸುತ್ತಲೂ ನಾಲ್ಕು ಬೆರಳು ಜಾಸ್ತಿ ಇರಲಿ. ಬೋರ್ಡಿನ ಅರ್ಧಕ್ಕೆ ಬಟ್ಟೆ ಮಡಚಿಟ್ಟು, ನಡುವಿನಿಂದ ಅಂಚಿನ ಕಡೆಗೆ ಅಂಗೈಯಲ್ಲಿ ಸವರುತ್ತಾ ಅಂಟಿಸಿ, ಆಮೇಲೆ ಇನ್ನರ್ಧ. ಗುಂಡಿ ಇರುವ ಕಡೆ ಬಟ್ಟೆಯನ್ನು ಎಳೆಯಬೇಡಿ, ಒಳಕ್ಕೆ ಕೂರಿಸಿ. ಎಳೆದರೆ ಮೊದಲ ಬೇಸಿಗೆಗೇ ಎದ್ದು ಬರುತ್ತದೆ. ಒಂದು ದಿನ ಒಣಗಲು ಬಿಟ್ಟು ಲೈಟ್, ಹಿಡಿಕೆಗಳ ತೂತು ಕತ್ತರಿಸಿ. ಮಾರುತಿ 800ರ ಥರ ತಂತಿಗೆ ಜೋತುಹಾಕಿದ ರೆಕ್ಸಿನ್ ಛಾವಣಿ ಆದರೆ ಕುಶನ್ ಅಂಗಡಿಗೇ ಕೊಡಿ, ಅದನ್ನು ಬಿಗಿಯುವುದಕ್ಕೆ ಪಳಗಿದ ಕೈ ಬೇಕು.

## ಹಂತ 10: ಜೋಡಿಸಿ, ಒಂದು ವಾರ ಓಡಿಸಿ, ಮತ್ತೆ ನೋಡಿ

ಜೋಡಿಸುವಾಗ ಮುರಿದ ಕ್ಲಿಪ್ ಒಂದನ್ನೂ ವಾಪಸ್ ಹಾಕಬೇಡಿ. ಪ್ಲಾಸ್ಟಿಕ್‌ಗೆ ಪ್ಲಾಸ್ಟಿಕ್ ತಾಗುವ ಕಡೆ ಫೆಲ್ಟ್ ಟೇಪ್ ಅಥವಾ ಸೈಕಲ್ ಟ್ಯೂಬಿನ ತುಂಡು ಇಡಿ. ಬ್ಯಾಟರಿ ಬಿಚ್ಚಿದ್ದರೆ 4ನೇ ಹಂತದ ಐಡಲ್ ಕಲಿಕೆ ಇನ್ನೊಮ್ಮೆ ಮಾಡಿಸಿ.

ಆಮೇಲೆ ಮನೆಯವರು ಯಾರಾದರೂ ಓಡಿಸಲಿ, ನೀವು ಪಕ್ಕದಲ್ಲಿ ಕೂತು ಸದ್ದು ಬರುವ ಕಡೆ ಅಂಗೈ ಒತ್ತಿ ನೋಡಿ. ಎಲ್ಲಿ ಒತ್ತಿದಾಗ ಸದ್ದು ನಿಲ್ಲುತ್ತದೋ ಅಲ್ಲಿ ಫೆಲ್ಟ್ ಬೇಕು. ಒಂದು ವಾರದ ನಂತರ ಡೋರ್ ಪ್ಯಾಡಿನ ಅಡಿಯ ಅಂಚು ಮುಟ್ಟಿ ನೋಡಿ, ಒದ್ದೆ ಇದ್ದರೆ ಹಾಳೆ ಎಲ್ಲೋ ಬಿಟ್ಟಿದೆ. 500 ಕಿ.ಮೀ. ಆದ ಮೇಲೆ ಮೊದಲು ಮಿಸ್ ಆಗುತ್ತಿದ್ದ ಸಿಲಿಂಡರಿನ ಪ್ಲಗ್ ಒಂದನ್ನು ಬಿಚ್ಚಿ ನೋಡಿ. ಬಿಸ್ಕತ್ತಿನ ಬಣ್ಣ ಬಂದಿದ್ದರೆ ಎಂಜಿನ್ ಕೆಲಸ ಮುಗಿಯಿತು. ಮತ್ತೆ ಮಸಿ ಹಿಡಿದಿದ್ದರೆ 1ನೇ ಹಂತದಲ್ಲಿ ಬರೆದ ಚೀಟಿ ತೆಗೆದುಕೊಂಡು 2ನೇ ಹಂತದಿಂದ ಇನ್ನೊಮ್ಮೆ ನೋಡಿಕೊಂಡು ಬನ್ನಿ.